ಕಪ್ಪಾದ ಇಂಗಳೀಕ

ಇಂಗಳೀಕದ ಕೆಂಪು ಕಂಡರೆ ನಾನು ಈಗಲೂ ಮುಖ ತಿರುಗಿಸಿ ನಡೆಯುತ್ತೇನೆ. ಜನ ಅದನ್ನು ಮಂಗಳದ ಬಣ್ಣ ಅನ್ನುತ್ತಾರೆ. ಅನ್ನಲಿ.

ಮೂವತ್ತರ ದಶಕದ ಮಾತು. ಅಪ್ಪ ಮಳವಳ್ಳಿಯಲ್ಲಿ ಆಯುರ್ವೇದದ ಪಂಡಿತರು. ಅವರ ಅಕ್ಕ, ಅಂದರೆ ನನ್ನ ಸೋದರತ್ತೆ, ಎಳೆಯ ವಯಸ್ಸಿಗೇ ಗಂಡ ತೀರಿಕೊಂಡು, ತಲೆ ಬೋಳಿಸಿಕೊಂಡು ನಮ್ಮ ಮನೆ ಸೇರಿದ್ದರು. ನನ್ನನ್ನು ಎತ್ತಿ ಆಡಿಸಿ ಬೆಳೆಸಿದವರು ಅವರೇ. ಬೇರು ಕುಟ್ಟುವುದಕ್ಕೆ, ಕಷಾಯ ಸೋಸುವುದಕ್ಕೆ ಅಪ್ಪನಿಗೆ ಅತ್ತೆ ಬೇಕು. ಪಾದರಸದ ಔಷಧಿ ಮಾಡುವ ದಿನ ಮಾತ್ರ ವಿಧವೆಯ ಮುಖ ಕಾಣಕೂಡದು. ಎಂಥ ಶಾಸ್ತ್ರವೋ, ಥೂ!

ಇಂಗಳೀಕವೂ ಪಾದರಸದ್ದೇ. ಪಾದರಸ, ಗಂಧಕ ಕೂಡಿ ಆದ ಕೆಂಪು ಹರಳು. ಅದನ್ನು ನಿಂಬೆರಸದಲ್ಲಿ ಅರೆದು ಬಿಸಿಲಲ್ಲಿ ಒಣಗಿಸುವುದು ವಾಡಿಕೆ. ನಾನು ಮೈಸೂರಿನ ಕಾಲೇಜಿನಿಂದ ರಜೆಗೆ ಬಂದಿದ್ದಾಗ ಒಂದು ದಿನ ಬೆಳಿಗ್ಗೆಯಿಂದ ಮೋಡ. ಕಿರುಗಾವಲಿನ ಗೌಡರೊಬ್ಬರು ಔಷಧಿಗೆಂದು ಗಾಡಿ ಕಟ್ಟಿಕೊಂಡು ಬಂದು ಜಗಲಿಯಲ್ಲಿ ಕೂತಿದ್ದರು. ಅಪ್ಪನಿಗೆ ಆತುರ. ಕೆಂಡದ ಮೇಲೆ ಒಣಗಿಸಲೆಂದು ಅರೆದದ್ದನ್ನು ಕಬ್ಬಿಣದ ಸೌಟಿಗೆ ಹಾಕಿ, "ಯಾರಾದ್ರೂ ಒಂದಿಷ್ಟು ಕೆಂಡ ತನ್ನಿ" ಎಂದು ಕೂಗಿದರು. ಅಮ್ಮ ಬಚ್ಚಲಲ್ಲಿದ್ದಳು. ನಾನು ಪಕ್ಕದಲ್ಲೇ ಕಾಲು ಚಾಚಿ ಕೂತಿದ್ದೆ, ಏಳಲಿಲ್ಲ. ಕೆಂಡ ತಂದವರು ಅತ್ತೆ.

ಸೌಟು ಕಾದಂತೆ ಕೆಂಪು ಕಂದಿತು, ಆಮೇಲೆ ಮಸಿಯಂತೆ ಕಪ್ಪಾಯಿತು.

"ಹಾಳಾಯ್ತು! ಈ ಮುಖ ಎದುರಿಗೆ ಬಂದ ಮೇಲೆ ಇನ್ನೇನಾಗತ್ತೆ?" ಎಂದು ಅಪ್ಪ ಕಿರುಚಿದರು. ದೃಷ್ಟಿ ಕಳೆಯಲೆಂದು ಆ ಸುಡುಸುಡು ಪುಡಿಯನ್ನು ಗಂಜಲದ ಮಡಕೆಗೆ ಸುರಿದರು. ಅದು ಕಪ್ಪಾಗಿಯೇ ಉಳಿಯಿತು.

ಜಗಲಿಯ ಗೌಡರಿಗೆ ತಡೆಯಲಾಗಲಿಲ್ಲ. "ಬೆಂಕಿ ಮೇಲಿಟ್ರೆ ಕರ್ರಗಾಗ್ದೆ ಬೆಳ್ಳಗಾದದಾ ಪಂಡಿತ್ರೇ? ಅವ್ವಾರ್ನ ಯಾಕ್ ಬೈತೀರಿ, ಬುಡಿ."

ಅಪ್ಪ ಬಿಡಲಿಲ್ಲ. "ಅಕ್ಕ ಇನ್ನು ಈ ಮನೇಲಿರೋದು ಬೇಡ. ಕಿರುಗಾವಲಿನ ಚಿಕ್ಕಪ್ಪನ ಮನೇಲಿರಲಿ. ನಿಮ್ಮ ಗಾಡೀಲೇ ಕರಕೊಂಡು ಹೋಗಿ."

ಆಗ ನಾನು ಬಾಯಿ ಬಿಟ್ಟೆ. ಇದನ್ನೇ ಕಾಲೇಜಿನ ಮೇಷ್ಟರು ಮಾಡಿ ತೋರಿಸಿದ್ದರು. ಕಾದಾಗ ಹರಳಿನೊಳಗಿನ ಕಣಗಳು ಕೂತ ಜಾಗ ಬದಲಿಸುತ್ತವೆ, ಬಣ್ಣ ಕಪ್ಪಾಗುತ್ತದೆ. ನಿಧಾನವಾಗಿ ಆರಿದರೆ ಮೊದಲಿನ ಜಾಗಕ್ಕೆ ಮರಳುತ್ತವೆ, ಕೆಂಪು ಬರುತ್ತದೆ. ಥಟ್ಟನೆ ತಣ್ಣಗೆ ಮಾಡಿದರೆ ಮರಳಲು ಪುರುಸೊತ್ತಿಲ್ಲದೆ ಅಲ್ಲೇ ನಿಂತುಬಿಡುತ್ತವೆ. ಇಷ್ಟನ್ನೂ ಹೇಳಿದೆ.

"ಹಾಗಾದ್ರೆ ಕೆಂಪು ಮಾಡಿ ತೋರಿಸು. ಆಮೇಲೆ ಅಕ್ಕನ ಮಾತು" ಎಂದರು ಅಪ್ಪ.

ಸೌಟಿನ ತಳದಲ್ಲಿ ಚೂರು ಪುಡಿ ಅಂಟಿಕೊಂಡಿತ್ತು. ಮತ್ತೊಮ್ಮೆ ಕಾಯಿಸಿ, ಒಲೆಯ ಬಿಸಿಬೂದಿಯೊಳಗೆ ಹೂತೆ.

ಅದು ಆರುವವರೆಗೆ ಅಪ್ಪ ಕಾಯಲಿಲ್ಲ; ಮಧ್ಯಾಹ್ನ ಅತ್ತೆಯನ್ನು ಕರೆದೊಯ್ಯಲು ಗಾಡಿ ಹೊರಟಾಗ ಬೂದಿ ಇನ್ನೂ ಕೈ ಸುಡುತ್ತಿತ್ತು. ಈಗಲೇ ಕೆದಕಿದರೆ ಪ್ರಯೋಗ ಕೆಡುತ್ತದೆ ಎಂದು ನಾನು ಒಲೆಯ ಮುಂದೆ ಕಾವಲು ಕೂತೆ. ಅತ್ತೆ ಬಟ್ಟೆಯ ಗಂಟು ಹಿಡಿದು ಅಡುಗೆಮನೆಯ ಬಾಗಿಲಿಗೆ ಬಂದು, "ಬರ್ತೀನಿ ಮಗು" ಎಂದರು. "ಸಂಜೆವರೆಗೆ ತಡೀರಿ" ಎಂದು ಗಾಡಿಗೆ ಅಡ್ಡ ನಿಲ್ಲಬಹುದಿತ್ತು. ನಿಲ್ಲಲಿಲ್ಲ. ನನ್ನ ಜಾಣತನ ಗೆದ್ದರೆ ಅತ್ತೆಯನ್ನು ನಾಳೆ ಕರೆತಂದರಾಯಿತು ಎಂದುಕೊಂಡೆ. ಇದನ್ನು ಬರೆಯುವಾಗ ನನ್ನ ಮೇಲೇ ನನಗೆ ಅಸಹ್ಯವಾಗುತ್ತದೆ.

ಸಂಜೆ ಬೂದಿ ಆರಿತು. ಸೌಟು ತೆಗೆದೆ. ತಳದಲ್ಲಿ ಕೆಂಪು! ಅಪ್ಪನ ಹತ್ತಿರ ಓಡಿದೆ.

ಅಪ್ಪ ಅದನ್ನು ಬೆರಳಲ್ಲಿ ಉಜ್ಜಿ ನೋಡಿದರು. ಮುಖ ಅರಳಿತು. ಅಮ್ಮನನ್ನು ಕರೆದು, "ನೋಡಿದ್ಯೇನೇ? ಅಕ್ಕ ಹೊಸ್ತಿಲು ದಾಟಿದ್ದೇ ತಡ, ಬಣ್ಣ ತಾನಾಗಿ ಬಂತು!" ಎಂದರು.

ನಾನು ಕಣಗಳು, ಜಾಗ, ಬಿಸಿ ಎಂದು ತೊದಲಿದೆ. ಯಾರಿಗೆ ಬೇಕಿತ್ತು ಅದು? ಅತ್ತೆ ಮತ್ತೆ ಮಳವಳ್ಳಿಗೆ ಬರಲೇ ಇಲ್ಲ. ಬಂದ ರೋಗಿಗಳಿಗೆಲ್ಲ ಅಪ್ಪ ಆ ಸೌಟು ತೋರಿಸಿ ಕಥೆ ಹೇಳುತ್ತಿದ್ದರು. "ಬೇಕಾದ್ರೆ ಕಾಲೇಜು ಓದಿದ ನನ್ನ ಮಗನ್ನ ಕೇಳಿ" ಎನ್ನುತ್ತಿದ್ದರು. ಕೇಳಿದವರಿಗೆ ನಾನು, "ಹೌದು, ಕೆಂಪಾಯ್ತು" ಎನ್ನುತ್ತಿದ್ದೆ.