ನನ್ನ ಬೆರಳು, ಅಣ್ಣನ ಹೆಸರು

ನಮ್ಮ ಅಣ್ಣ ಬಹಳ ಚೆನ್ನಾಗಿ ಗಿಟಾರು ನುಡಿಸುತ್ತಿದ್ದ ಎಂದು ಹಿರಿಯೂರು, ಚಿತ್ರದುರ್ಗದ ಕಡೆ ಇವತ್ತಿಗೂ ಹೇಳುವವರಿದ್ದಾರೆ. ಅವನಿಗೆ ಬರುತ್ತಿದ್ದದ್ದು ಎರಡೇ ಧಾಟಿ. ಆ ಎರಡನ್ನೂ ಹೇಳಿಕೊಟ್ಟವಳು ನಾನು.

ಮಾರಿಕಣಿವೆಯಲ್ಲಿ ಕಟ್ಟೆಯ ಕೆಲಸ ನಡೆಯುತ್ತಿದ್ದ ಕಾಲ ಅದು. ಎಲ್ಲೆಲ್ಲಿಂದಲೋ ಜನ ಬಂದಿದ್ದರು. ಗೋವೆಯ ಕಡೆಯ ಕ್ರೈಸ್ತರೊಬ್ಬರು ಕಲ್ಲು ಕೆಲಸದ ಮೇಲ್ವಿಚಾರಣೆಗೆ ಬಂದವರು, ಹೆಂಡತಿಯನ್ನು ಹಿರಿಯೂರಿನಲ್ಲಿ ನಮ್ಮ ಮನೆಯ ಹಿತ್ತಿಲ ಕೋಣೆಯಲ್ಲಿ ಬಾಡಿಗೆಗೆ ಇರಿಸಿದ್ದರು. ಆಕೆಗೆ ಮಕ್ಕಳಿರಲಿಲ್ಲ. ರವಿಕೆ ಹೊಲಿಯುವುದನ್ನು ಅವ್ವನಿಗೆ ಕಲಿಸುತ್ತೇನೆಂದು ನಮ್ಮ ಪಡಸಾಲೆಗೆ ಬರುತ್ತಿದ್ದರು. ನಾವು ಲಿಂಗವಂತರು, ಅಪ್ಪನದು ಕೊಬ್ಬರಿ ವ್ಯಾಪಾರ. ಕ್ರೈಸ್ತರ ಹೆಂಗಸು ಅಡುಗೆಮನೆಯ ಹೊಸ್ತಿಲು ದಾಟುವಂತಿರಲಿಲ್ಲ. ಆದರೆ ಅವರ ಕೋಣೆಗೆ ನಾನು ಹೋಗುವುದನ್ನು ಯಾರೂ ತಡೆಯಲಿಲ್ಲ.

ಅವರ ಕೋಣೆಯ ಗೋಡೆಗೆ ಗಿಟಾರೊಂದನ್ನು ತೂಗುಹಾಕಿದ್ದರು. ಮೊದಲ ಸಲ ಅದನ್ನು ತೊಡೆಯ ಮೇಲಿಟ್ಟುಕೊಂಡಾಗ ನನ್ನ ಕೈ ಅದರ ಹೊಟ್ಟೆಯನ್ನು ಬಳಸಿ ತಂತಿಗೆ ಸರಿಯಾಗಿ ಎಟುಕಲಿಲ್ಲ. ಆಕೆ ನಕ್ಕು ಅದನ್ನು ನನ್ನ ಮಡಿಲಲ್ಲಿ ಮಲಗಿಸಿದರು. ಹಾಗೆಯೇ ಕಲಿತೆ. ಅವರ ಕಡೆಯ ಹಾಡುಗಳು ನನ್ನ ಕಿವಿಗೆ ಹತ್ತಲಿಲ್ಲ. ನಾನು ಅವ್ವ ಬೀಸುವಾಗ ಹಾಡುತ್ತಿದ್ದ ಪದ, ಮದುವೆ ಮನೆಯ ಸೋಬಾನೆ, ಮಠದಲ್ಲಿ ಕೇಳಿದ ವಚನದ ಧಾಟಿ ಇವನ್ನೇ ತಂತಿಯ ಮೇಲೆ ಹುಡುಕಿದೆ. ಎರಡು ಸ್ವರಗಳ ನಡುವೆ ಗಂಟಲು ಜಾರುತ್ತದಲ್ಲ, ಆ ಜಾರು ಬೆರಳಿಗೆ ಸಿಗುತ್ತಿರಲಿಲ್ಲ. ಒಂದು ದಿನ ಅವ್ವನ ಹಿತ್ತಾಳೆಯ ಉಂಗುರವನ್ನು ತಂತಿಗೆ ಒತ್ತಿ ಎಳೆದೆ. ಸಿಕ್ಕಿತು. ಆಕೆ ಹೊಲಿಗೆ ಬಿಟ್ಟು ಎದ್ದು ಬಂದು ನನ್ನ ತಲೆ ಹಿಡಿದು, "ಇದು ನಾನು ಕಲಿಸಿಲ್ಲ. ಇದು ನಿಂದು" ಎಂದರು. ಕಟ್ಟೆಯ ಕೆಲಸ ಮುಗಿದು ಅವರು ಊರಿಗೆ ಹೊರಟಾಗ ಗಿಟಾರನ್ನು ನನಗೇ ಕೊಟ್ಟುಹೋದರು.

ಅಣ್ಣ ನನಗಿಂತ ಐದು ವರ್ಷ ದೊಡ್ಡವನು. ಬೆಂಗಳೂರಿನಲ್ಲಿ ಓದುತ್ತಿದ್ದ. ರಜೆಯಲ್ಲಿ ಬಂದಾಗ ನನ್ನ ಎದುರು ಕುಳಿತು ಕೇಳುತ್ತಿದ್ದ. ಅವನಷ್ಟು ಚೆನ್ನಾಗಿ ಕೇಳುವವರು ನನಗೆ ಮತ್ತೆ ಸಿಗಲಿಲ್ಲ. ಎಲ್ಲಿ ತಪ್ಪಿತು, ಎಲ್ಲಿ ಹೊಸದು ಬಂತು, ಎಲ್ಲ ಅವನಿಗೆ ತಿಳಿಯುತ್ತಿತ್ತು. ಗಿಟಾರಿಗೆ ತಂತಿ ತಂದುಕೊಡುತ್ತಿದ್ದವನೂ ಅವನೇ. ಹೆಣ್ಣುಮಗಳು ಅದನ್ನು ಹೊತ್ತು ಬೀದಿಯಲ್ಲಿ ನಡೆಯುವಂತಿಲ್ಲವಾದ್ದರಿಂದ ರಿಪೇರಿಗೆ ಬಡಗಿಯ ಹತ್ತಿರ ಒಯ್ಯುತ್ತಿದ್ದವನೂ ಅವನೇ. ಹೀಗಾಗಿ ಊರವರು ಗಿಟಾರನ್ನು ಕಂಡದ್ದೆಲ್ಲ ಅವನ ಹೆಗಲ ಮೇಲೆ.

ಒಮ್ಮೆ ಬೆಂಗಳೂರಿನಿಂದ ಓಡೋಡಿ ಬಂದ. ಗ್ರಾಮಫೋನ್ ಪ್ಲೇಟು ಮಾಡುವ ದೊರೆಗಳು ಅಲ್ಲಿ ಬಿಳಿಯರ ದಂಡಿನ ಪೇಟೆಯಲ್ಲಿ ಇಳಿದಿದ್ದಾರೆ, ಹೊಸ ಹೊಸ ವಾದ್ಯ ಹುಡುಕುತ್ತಿದ್ದಾರೆ ಎಂದ. ನನಗೆ ಆಗ ಹದಿನಾರು. ಹೊಳಲ್ಕೆರೆಯ ಶಾಲೆಯ ಮೇಷ್ಟ್ರೊಬ್ಬರ ಜೊತೆ ಮದುವೆ ಗೊತ್ತಾಗಿತ್ತು. ಅಪ್ಪನಿಗೆ ಮದುವೆ ಸೀರೆ ತರುತ್ತೇವೆಂದು ಹೇಳಿ, ಅವ್ವ, ಅಣ್ಣ, ನಾನು ಗಾಡಿ ಕಟ್ಟಿಸಿಕೊಂಡು ಹೊಸದುರ್ಗದ ಕಡೆ ಹೊರಟೆವು. ಅಲ್ಲಿ ರೈಲು ಹತ್ತಬೇಕಿತ್ತು.

ದಾರಿಯಲ್ಲಿ ಅಣ್ಣ ಎಲ್ಲವನ್ನೂ ವಿವರಿಸಿದ. ನುಡಿಸಿ ಮುಗಿದ ಕೂಡಲೇ ಯಾರು ನುಡಿಸಿದ್ದೆಂದು ದನಿ ಹಿಡಿಯುವ ಕೊಳವೆಯ ಮುಂದೆ ಹೇಳಬೇಕು, ಅದೂ ಪ್ಲೇಟಿನಲ್ಲಿ ಕೂರುತ್ತದೆ ಎಂದ.

ಅವ್ವ ಗಾಬರಿಯಾದಳು. "ಇವಳ ಹೆಸರು ಕೂಗ್ಬೇಕಾ? ಬೀಗರು ಕೇಳಿದ್ರೆ ಏನಂದಾರು?"

"ಹೆಸರು ಬ್ಯಾಡವ್ವ. ಹಿರಿಯೂರಿನ ಹೆಣ್ಮಗಳು ನುಡಿಸಿದ್ದು ಅಂದ್ರೆ ಸಾಕು," ಅಂದ ಅಣ್ಣ. ನನ್ನ ಕಡೆ ತಿರುಗಿ, "ಆಗಬಹುದಾ ತಂಗೀ?" ಅಂದ.

ನನಗೆ ಅದೇ ದೊಡ್ಡದಾಗಿ ಕಂಡಿತು. ಗಾಡಿಯಲ್ಲಿ, ರೈಲಿನಲ್ಲಿ ಆ ಒಂದು ಮಾತನ್ನು ಬಾಯೊಳಗೇ ಎಷ್ಟು ಸಲ ಹೇಳಿಕೊಂಡೆನೋ ಲೆಕ್ಕವಿಲ್ಲ.

ದೊರೆಗಳು ಇಳಿದಿದ್ದ ಬಂಗಲೆಯ ಕೋಣೆಯೊಂದರಲ್ಲಿ ಗೋಡೆಗೆಲ್ಲ ಕಂಬಳಿ ಇಳಿಬಿಟ್ಟಿದ್ದರು. ಒಂದು ಕಡೆಯ ಅಡ್ಡಗೋಡೆಯಿಂದ ದೊಡ್ಡ ತಗಡಿನ ಕೊಳವೆ ಹೊರಚಾಚಿತ್ತು. ಗಿಟಾರಿನ ದನಿ ಸಣ್ಣದೆಂದು ದೊರೆ ನನ್ನನ್ನು ಹತ್ತಿರ, ಇನ್ನೂ ಹತ್ತಿರ ಸರಿಸಿ, ಕಡೆಗೆ ಕೊಳವೆಯ ಬಾಯಿ ನನ್ನ ಮುಂಗೈಗೆ ತಾಗುವ ಹಾಗೆ ಕೂರಿಸಿದ. ಅವ್ವ ಬಾಗಿಲ ಬಳಿ ಸೆರಗು ಹೊದ್ದು ನಿಂತಿದ್ದಳು. ಅಣ್ಣ ನನ್ನ ಬೆನ್ನ ಹಿಂದೆ. ಮೊದಲನೆಯ ಸಲ ನಾನು ಅಂಜಿ ಮೆಲ್ಲಗೆ ನುಡಿಸಿದೆ, ಅದು ಕೆಟ್ಟಿತು. ದೊರೆ ಬೇರೊಂದು ಮೇಣದ ತಟ್ಟೆ ಇಟ್ಟ. ಎರಡನೆಯ ಸಲ ಎಲ್ಲವನ್ನೂ ಮರೆತೆ. ಹೆಣ್ಣು ಒಪ್ಪಿಸುವಾಗ ಹಾಡುವ ಸೋಬಾನೆಯ ಧಾಟಿ ಅದು. ಉಂಗುರ ತಂತಿಯ ಮೇಲೆ ತಾನಾಗೇ ಜಾರಿತು.

ಕಡೆಯ ತಂತಿಯ ದನಿ ಆರುವವರೆಗೆ ಕಾದು ದೊರೆ ಬೆರಳೆತ್ತಿ ಸನ್ನೆ ಮಾಡಿದ. ನಾನು ಬಾಯಿ ತೆರೆದೆ. ಅಷ್ಟರಲ್ಲಿ ಅಣ್ಣ ನನ್ನ ಹೆಗಲ ಮೇಲಿಂದ ಬಗ್ಗಿ, ಕೊಳವೆಯೊಳಗೆ ಗಟ್ಟಿಯಾಗಿ ತನ್ನ ಹೆಸರು ಹೇಳಿ, "ಹಿರಿಯೂರು" ಎಂದು ಸೇರಿಸಿದ. ಯಂತ್ರ ನಿಂತಿತು.

ನಾನು ತಿರುಗಿ ನೋಡಿದೆ. ಅವನು ನನ್ನನ್ನು ನೋಡಲಿಲ್ಲ.

"ಇನ್ನೊಂದು ಸಲ ನುಡಿಸ್ತೀನಿ," ಅಂದೆ. ದೊರೆಯ ಜೊತೆಗಿದ್ದ ದುಭಾಷಿ ನಕ್ಕು, ದೊರೆಗೆ ಬಹಳ ಮೆಚ್ಚಿಕೆಯಾಗಿದೆ, ಇನ್ನು ಬೇಡ ಅಂದ. ಹೊರಗೆ ಹಾಡುಗಾರರು ಕಾಯುತ್ತಿದ್ದರು.

ಅಂಗಳದಲ್ಲಿ ಅಣ್ಣ ಹೇಳಿದ. "ಬಾಯಿಗೆ ಬಂದ್ಬಿಡ್ತು ತಂಗೀ. ನಿನ್ನ ಒಳ್ಳೇದಕ್ಕೇ ಆತು ಬಿಡು. ನಾಳೆ ಮದುವೆ ಮುರಿದ್ರೆ?"

ಹೆಸರಿಲ್ಲದ ಹೆಣ್ಣುಮಗಳಿಂದ ಯಾವ ಮದುವೆ ಮುರಿಯುತ್ತಿತ್ತು? ಅದನ್ನು ಕೇಳುವ ಧೈರ್ಯ ಆ ಹೊತ್ತಿಗೆ ಬರಲಿಲ್ಲ. ಅವ್ವ ಸೀರೆ ಅಂಗಡಿ ಮುಚ್ಚುತ್ತದೆ ನಡೀರಿ ಎಂದು ಅವಸರ ಮಾಡಿದಳು.

ಕೆಲವು ತಿಂಗಳ ಮೇಲೆ ಪ್ಲೇಟು ಬಂತು. ಅದರ ನಡುವಿನ ಕಾಗದದ ಮೇಲೂ ಅಣ್ಣನ ಹೆಸರೇ ಅಚ್ಚಾಗಿತ್ತು. ಚಿತ್ರದುರ್ಗದ ವಕೀಲರೊಬ್ಬರು ಗ್ರಾಮಫೋನು ತರಿಸಿದ್ದರು. ಅವರ ಮನೆಯಲ್ಲಿ ಪ್ಲೇಟು ಹಾಕುವ ದಿನ ನಮ್ಮನ್ನೂ ಕರೆದರು. ಗಂಡಸರು ಪಡಸಾಲೆಯಲ್ಲಿ, ಹೆಂಗಸರು ಒಳಕೋಣೆಯಲ್ಲಿ. ನನ್ನ ಸೋಬಾನೆ ಗರಗರ ಸದ್ದಿನ ನಡುವೆ ಎಲ್ಲಿಂದಲೋ ಬಂದಂತೆ ಕೇಳಿಸಿತು. ಪಕ್ಕದಲ್ಲಿದ್ದ ಹೆಂಗಸೊಬ್ಬಳು ಕಣ್ಣೊರೆಸಿಕೊಂಡಳು. ಅವಳ ಕಣ್ಣೀರು ಕಂಡು ನನಗೆ ಆದ ಸಂತೋಷ ಈಗಲೂ ನೆನಪಿದೆ. ಆಮೇಲೆ ಅಣ್ಣನ ಗಟ್ಟಿ ದನಿ ಬಂತು. ಹೊರಗೆ ಗಂಡಸರು "ಭಲೆ ಭಲೆ" ಅಂದರು.

ವಕೀಲರ ತಾಯಿ ಅವ್ವನನ್ನು ಕೇಳಿದರು. "ಎಂಥಾ ಮಗನ್ನ ಹಡೆದೀಯಮ್ಮ! ಯಾರ ತಾವ ಕಲ್ತನೇ?"

ನಾನು ಅವ್ವನ ಮುಖ ನೋಡಿದೆ. ಇದು ಹೆಂಗಸರೇ ಇರುವ ಕೋಣೆ. ಬೀಗರ ಕಡೆಯವರು ಯಾರೂ ಇಲ್ಲ. ಮೆಲ್ಲಗೆ ಹೇಳಿದರೂ ಸಾಕಿತ್ತು.

"ಯಾರ ತಾವೂ ಇಲ್ರಿ," ಅಂದಳು ಅವ್ವ. "ತಾನಾಗೇ ಕಲ್ತ್ಕಂಡ. ಚಿಕ್ಕೋನಿದ್ದಾಗಿಂದ ಅದೇ ಗ್ಯಾನ."

"ಅವ್ವಾ..." ಅಂದೆ. ಅವಳು ನನ್ನ ಕೈಯನ್ನು ತನ್ನ ಮಡಿಲೊಳಗೆ ಎಳೆದುಕೊಂಡು ಬಲವಾಗಿ ಅದುಮಿದಳು. ತಂತಿ ಒತ್ತಿ ಒತ್ತಿ ಗಟ್ಟಿಯಾದ ನನ್ನ ಬೆರಳ ತುದಿ ಅವಳ ಅಂಗೈಗೆ ತಾಗುತ್ತಲೇ ಇದ್ದಿರಬೇಕು.

ಮರಳಿ ಬರುವಾಗ ಗಾಡಿಯಲ್ಲಿ ಕೇಳಿದೆ. "ಹಿಂಗ್ಯಾಕೆ ಅಂದೆ?"

"ನಿಂಗೇನು ಕಡಿಮೆ ಆತು? ನಾಳೆ ಗಂಡನ ಮನಿಗೆ ಹೋಗೋಳು. ಅವನು ನಾಕು ಜನದಾಗೆ ಓಡಾಡೋನು, ಅವನಿಗೆ ಹೆಸರು ಬೇಕು. ಮನೆ ಮಾತು ಮನೇಲೇ ಇರ್ಲಿ."

ಅಣ್ಣ ಮಾಡಿದ್ದನ್ನು ಆಸೆಗೆ ಬಿದ್ದು ಮಾಡಿದ ಎಂದು ಎಂದಾದರೂ ಮರೆಯುತ್ತಿದ್ದೆನೇನೋ. ಅವ್ವ ಆ ಬಂಗಲೆಯ ಕೋಣೆಯ ಬಾಗಿಲಲ್ಲಿ ನಿಂತು ಕಣ್ಣಾರೆ ನೋಡಿದವಳು. ವಕೀಲರ ಮನೆಯಲ್ಲಿ ಅವಳಿಗೆ ಆಸೆಯೂ ಇರಲಿಲ್ಲ, ಅಂಜಿಕೆಯೂ ಇರಲಿಲ್ಲ. ಇಬ್ಬರು ಮಕ್ಕಳಲ್ಲಿ ಒಬ್ಬರನ್ನು ಆರಿಸಿಕೊಂಡಳು, ಅಷ್ಟೆ.

ಮದುವೆಯಾಗಿ ಹೊಳಲ್ಕೆರೆಗೆ ಬಂದೆ. ಗಿಟಾರು ತವರಿನಲ್ಲೇ ಉಳಿಯಿತು, ಕಳಿಸಿಕೊಡಲು ಕೇಳಿದರೆ ಅಣ್ಣ ಇವತ್ತು ನಾಳೆ ಅನ್ನುತ್ತಿದ್ದ. ಗಂಡನಿಗೆ ನಾನು ಏನೂ ಹೇಳಿರಲಿಲ್ಲ. ಒಂದು ಬೆಳಿಗ್ಗೆ ಅಣ್ಣ ಗಿಟಾರು ಹೊತ್ತು ನಮ್ಮ ಬಾಗಿಲಿಗೆ ಬಂದ.

"ಬರ್ರಿ ಭಾವ, ಕುಂತ್ಕಳ್ರಿ," ಎಂದು ಗಂಡ ಮಣೆ ಹಾಕಿದರು.

ಮೈಸೂರಿನಿಂದ ದೊಡ್ಡ ಅಧಿಕಾರಿಗಳು ಚಿತ್ರದುರ್ಗಕ್ಕೆ ಬರುವವರಿದ್ದರಂತೆ. ಅವರ ಮುಂದೆ ಅಣ್ಣ ನುಡಿಸಬೇಕೆಂದು ವಕೀಲರು ಮಾತು ಕೊಟ್ಟುಬಿಟ್ಟಿದ್ದರು. ಗಂಡ ನೀರು ತರಲು ಒಳಹೋದಾಗ ಅಣ್ಣ ಪಿಸುಗುಟ್ಟಿದ. "ಪರದೆ ಕಟ್ಟಿಸ್ತೀನಿ. ನೀನು ಹಿಂದೆ ಕುಂತ್ಕಂಡು ನುಡಿಸು. ಇದೊಂದ್ಸಲ ನನ್ನ ಮರ್ಯಾದೆ ಉಳ್ಸು."

"ಪರದೆ ಬ್ಯಾಡ," ಅಂದೆ. "ಎದುರಿಗೇ ಕುಂತು ನುಡಿಸ್ತೀನಿ. ಪ್ಲೇಟಿನಾಗೆ ನುಡಿಸಿದ್ದು ನನ್ನ ತಂಗಿ ಅಂತ ನೀನು ಮೊದ್ಲು ಹೇಳು."

ಗಂಡ ತಂಬಿಗೆ ಹಿಡಿದು ಬಾಗಿಲಲ್ಲಿ ನಿಂತಿದ್ದರು. "ಆ ಪ್ಲೇಟಿನಾಗೆ ನುಡಿಸಿದ್ದು ನೀನಾ?" ಅಂದರು.

ನಾನು ಉತ್ತರ ಕೊಡುವ ಮುಂಚೆ ಅಣ್ಣ ನಕ್ಕ. "ಇಲ್ಲ ಮೇಷ್ಟ್ರೇ. ಇವಳು ನನ್ನ ತಾವ ಒಂದಿಷ್ಟು ಕಲ್ತೋಳು. ಹೆಂಗಸ್ರ ಮಾತು."

ಬೆಂಗಳೂರಿನಲ್ಲಿ ಅವನು ಬೆನ್ನ ಹಿಂದೆ ಇದ್ದ. ಇಲ್ಲಿ ಕಣ್ಣಿಗೆ ಕಣ್ಣು ಕೊಟ್ಟು ಹೇಳಿದ. ನನಗೆ ಅಳು ಬರಲಿಲ್ಲ. ಗಿಟಾರನ್ನು ಅವನ ಪಕ್ಕದಿಂದ ಎಳೆದುಕೊಂಡು ಮಡಿಲಲ್ಲಿ ಮಲಗಿಸಿದೆ. ತಂತಿಗಳು ಸಡಿಲವಾಗಿದ್ದವು, ಒಂದೊಂದಾಗಿ ಬಿಗಿದೆ. ಆಮೇಲೆ ಪ್ಲೇಟಿನಲ್ಲಿದ್ದ ಆ ಸೋಬಾನೆಯನ್ನೇ ನುಡಿಸಿದೆ. ಗಂಡ ನಿಂತೇ ಕೇಳಿದರು. ಮುಗಿದ ಮೇಲೆ ಗಿಟಾರನ್ನು ಅಣ್ಣನ ಕಡೆ ಚಾಚಿ, "ಈಗ ನೀನು ನುಡಿಸಣ್ಣ," ಅಂದೆ.

ಅವನು ಕೈ ಮುಂದೆ ಮಾಡಲಿಲ್ಲ. ಕಡೆಗೆ ಗಂಡ, "ಭಾವ, ಮಜ್ಜಿಗೆ ಕುಡ್ದು ಹೊರಡ್ರಿ. ಬಿಸಿಲೇರ್ತೈತೆ," ಅಂದರು. ಗಿಟಾರು ನನ್ನ ಮಡಿಲಲ್ಲೇ ಉಳಿಯಿತು.

ಚಿತ್ರದುರ್ಗದಲ್ಲಿ ಅಣ್ಣ ಬೆರಳಿಗೆ ಬಟ್ಟೆ ಸುತ್ತಿಕೊಂಡು ಹೋಗಿ, ಬಾಗಿಲಿಗೆ ಸಿಕ್ಕಿ ಜಜ್ಜಿಹೋಯಿತು, ಇನ್ನು ನುಡಿಸಲಾರೆ ಅಂದನಂತೆ. ಜನ ಮರುಗಿದರಂತೆ. ಅವನ ಕೀರ್ತಿ ಇಮ್ಮಡಿಯಾಯಿತು. ಇದ್ದ ಒಂದೇ ಪ್ಲೇಟು ದೊಡ್ಡ ಕಲಾವಿದನೊಬ್ಬನ ಉಳಿದ ಗುರುತು ಎನ್ನಿಸಿಕೊಂಡಿತು. ಊರೂರಿಗೆ ಹೋಗಿ ಸತ್ಯ ಹೇಳೋಣವೆಂದು ನಾನು ಗಂಡನನ್ನು ಕೇಳಿದೆ. ಅವರು ಒಳ್ಳೆಯವರು, ಆದರೆ ಬೀಗತನ ಕೆಡಿಸಿಕೊಳ್ಳಲು ಒಲ್ಲದವರು.

"ನುಡಿಸೋದ್ರಾಗೆ ಸಂತೋಷ ಐತಲ್ಲ. ಹೆಸರು ಯಾಕೆ ಬೇಕು?" ಅಂದರು.

"ನಾಳೆಯಿಂದ ನೀವು ಪಾಠ ಮಾಡ್ರಿ, ಒಳ್ಳೆ ಮೇಷ್ಟ್ರು ಅಂತ ಪಕ್ಕದ ಮನೆಯೋನ ಹೆಸರು ಬರೀಲಿ. ಮಾಡ್ತೀರಾ?" ಅಂದೆ. ಅವರು ಮತ್ತೆಂದೂ ಆ ಮಾತು ಆಡಲಿಲ್ಲ.

ಆಮೇಲೆ ನನ್ನ ಕಣ್ಣು ಇಂಥವರನ್ನೇ ಹುಡುಕತೊಡಗಿತು. ಹರಿಯಬ್ಬೆಯ ಕಡೆಯ ಒಬ್ಬ ಕುರುಬ ಮುದುಕ ಹೊಳಲ್ಕೆರೆಗೆ ಭಜನೆಯವರ ಜೊತೆ ಬರುತ್ತಿದ್ದ. ಹಾಡುಗಾರ ದನಿ ತಪ್ಪಿದಾಗೆಲ್ಲ ಆ ಮುದುಕನ ತಂಬೂರಿ ಅವನನ್ನು ಕೈಹಿಡಿದು ದಾರಿಗೆ ತರುತ್ತಿತ್ತು. ಶಾಲು ಹೊದಿಸುವುದು ಹಾಡುಗಾರನಿಗೆ. ಒಮ್ಮೆ ಆ ಮುದುಕನಿಗೆ ರೊಟ್ಟಿ ಬಡಿಸುತ್ತ ಹೆಸರು ಕೇಳಿದೆ. "ನನ್ನ ಹೆಸರು ತಗಂಡು ಏನ್ಮಾಡ್ತೀರಿ ತಾಯಿ," ಎಂದು ನಾಚಿಕೊಂಡ. ಮತ್ತೆ ಕೇಳಿದ ಮೇಲೆ ಹೇಳಿದ, ತನ್ನ ಹೆಸರು, ಅಪ್ಪನ ಹೆಸರು, ಅಜ್ಜನ ಹೆಸರು, ಮೂವರೂ ತಂತಿ ಮೀಟಿದವರೆಂದು ಹೇಳಿದ. ಹೇಳುತ್ತ ಹೇಳುತ್ತ ಅವನ ಬೆನ್ನು ನೆಟ್ಟಗಾಯಿತು. ಹೆಸರು ಬೇಡವೆನ್ನುವವರನ್ನು ಯಾರೂ ಕೇಳಿರುವುದಿಲ್ಲ ಅಷ್ಟೆ ಎಂದು ಅವತ್ತು ನನಗೆ ಅರ್ಥವಾಯಿತು. ಇಂಥವರಿಗೆ ಮನ್ನಣೆ ಸಲ್ಲಬೇಕೋ ಬೇಡವೋ ಎಂದು ವಾದ ಮಾಡುವವರನ್ನು ಕಂಡರೆ ನನಗೆ ಇವತ್ತಿಗೂ ಸಿಟ್ಟು ಬರುತ್ತದೆ.

ನನ್ನ ಎರಡನೆಯ ಹೆರಿಗೆಗೆ ತವರಿಗೆ ಹೋಗಲು ನಾನು ಒಪ್ಪಲಿಲ್ಲ. ಅವ್ವನೇ ಹೊಳಲ್ಕೆರೆಗೆ ಬಂದು ಬಾಣಂತನ ಮಾಡಿದಳು. ಎಣ್ಣೆ ತಿಕ್ಕಿದಳು, ಕಷಾಯ ಕಾಸಿದಳು, ಮಗುವನ್ನು ಕಾಲಮೇಲೆ ಹಾಕಿಕೊಂಡು ಎರೆದಳು. ಅವಳ ಕೈಯಲ್ಲಿ ಯಾವ ಕೊರತೆಯೂ ಇರಲಿಲ್ಲ. ಊರಿಗೆ ಹೊರಡುವ ಹಿಂದಿನ ಮಧ್ಯಾಹ್ನ ನೆರೆಮನೆಯ ಮೂವರು ಹೆಂಗಸರು ಮಗುವನ್ನು ನೋಡಲು ಬಂದು ಕುಳಿತಿದ್ದರು. ಅವ್ವ ಗೋಡೆಗೆ ತೂಗುಹಾಕಿದ್ದ ಗಿಟಾರಿನ ಕಡೆ ನೋಡಿ ಅಂದಳು. "ಒಂದೀಟು ನುಡಿಸೇ ಮಗಳೇ. ಕೇಳಿ ಭಾಳ ದಿನ ಆತು."

"ನುಡಿಸ್ತೀನವ್ವ," ಅಂದೆ. "ಪ್ಲೇಟಿನಾಗಿರೋದು ಯಾರು ನುಡಿಸಿದ್ದು ಅಂತ ಇವರಿಗೆ ಹೇಳು."

ಹೆಂಗಸರು ಅವ್ವನ ಕಡೆ ತಿರುಗಿದರು. ಅವ್ವ ಮಗುವಿನ ಕುಲಾವಿಯ ದಾರ ಬಿಚ್ಚಿದಳು, ಮತ್ತೆ ಕಟ್ಟಿದಳು. ಬಾಯಿ ಬಿಡುತ್ತಾಳೆಂದು ನಾನು ನಿಜಕ್ಕೂ ನಂಬಿದ್ದೆ. ಅವಳು ಹೇಳಲಿಲ್ಲ. ನಾನು ಗಿಟಾರನ್ನು ಮುಟ್ಟದೆ ಎದ್ದು ಒಲೆಯ ಮೇಲಿದ್ದ ಹಾಲು ನೋಡಲು ಒಳಗೆ ಹೋದೆ. ಮರುದಿನ ಬೆಳಿಗ್ಗೆ ಗಾಡಿ ಹತ್ತುವಾಗ ಅವ್ವ ನನ್ನ ಗಲ್ಲ ಸವರಿ, "ಹೋಗಿ ಬರ್ತೀನಿ ಮಗಳೇ" ಅಂದಳು. ಹೂಂ ಅಂದೆ.