ತಿರುಗಿ ನೋಡುವ ಡೈನೋಸಾರ್

ಆ ಕಚೇರಿಯಲ್ಲಿ ದೊಡ್ಡ ಪ್ರಾಣಿಗಳೆಲ್ಲ ಕಿಟಕಿಯ ಪಕ್ಕ ಕೂರುವ ಹಿರಿಯರ ಪಾಲು. ಬಾಗಿಲ ಬಳಿ ಕೂರುತ್ತಿದ್ದ ಅವಳಿಗೆ ಬರುತ್ತಿದ್ದದ್ದು ಇಲಿ, ಅಳಿಲು, ಆಮೆ; ಅದೃಷ್ಟ ಖುಲಾಯಿಸಿದರೆ ಒಂದು ನರಿ. ‘ಪುಡಿ ಪ್ರಾಣಿಗಳ ಮಂತ್ರಿ’ ಎಂದು ಪಕ್ಕದ ಮೇಜಿನ ಗೆಳತಿ ಅವಳಿಗೆ ಹೆಸರಿಟ್ಟಿದ್ದಳು.

ಅವರು ತಯಾರಿಸುತ್ತಿದ್ದದ್ದು ಮೃಗಾಲಯ ಕಟ್ಟುವ ಕಂಪ್ಯೂಟರ್ ಆಟ. ಆಡುವವರು ಬೇಲಿ ಹಾಕಿ, ಮರ ನೆಟ್ಟು, ಪ್ರಾಣಿ ತಂದಿಟ್ಟು, ನೋಡಲು ಬರುವ ಪುಟಾಣಿ ಜನರಿಗೆ ದಾರಿ ಮಾಡಿಕೊಡಬೇಕು. ಪ್ರಾಣಿ ಕಂಡರೆ ಆ ಜನರ ತಲೆಯ ಮೇಲೊಂದು ಹೂ ಅರಳುತ್ತದೆ, ಕಾಣದಿದ್ದರೆ ಮೋಡ ಕವಿಯುತ್ತದೆ. ಪ್ರಾಣಿಯ ಮೈಕಟ್ಟು ಬೇರೆಯವರದ್ದು, ಬಣ್ಣ ಗೆಳತಿಯದ್ದು. ಅದು ಎದ್ದು ನಡೆಯಬೇಕಾದರೆ ಮಾತ್ರ ಅವಳ ಕೈ ಬೇಕು.

ಈ ಸಲ ಆಟಕ್ಕೆ ಡೈನೋಸಾರುಗಳು ಬರುತ್ತವೆ ಎಂದಾಗ ಅವಳೂ ಆಸೆಪಟ್ಟಳು. ಸಿಕ್ಕಿದ್ದು ಕೋಳಿ ಗಾತ್ರದ್ದು. ಮೈತುಂಬ ಗರಿ, ಉದ್ದ ಬಾಲ, ಕಡ್ಡಿಯಂಥ ಕಾಲು.

“ಅಂತೂ ನಂಗೂ ಒಂದು ಡೈನೋಸಾರ್ ಬಂತು ಕಣೇ.”

“ಕೋಳಿ ಬಂತು ಅನ್ನು,” ಎಂದಳು ಗೆಳತಿ. “ಮೊಟ್ಟೆ ಇಟ್ರೆ ನಂಗೊಂದು.”

ತಮಾಷೆ ಹೆಚ್ಚು ದಿನ ಉಳಿಯಲಿಲ್ಲ. ಆಡಿ ನೋಡಿದವರೆಲ್ಲ ದೊಡ್ಡ ಹಲ್ಲಿನವಕ್ಕೆ ಬಯಲು ಬಿಟ್ಟುಕೊಟ್ಟು, ಇದನ್ನು ಒಂದು ಮೂಲೆಗೆ ತಳ್ಳಿದರು. ಜರೀಗಿಡಗಳ ನಡುವೆ ಅದು ಯಾರ ಕಣ್ಣಿಗೂ ಬೀಳಲಿಲ್ಲ. ಬಂದವರ ತಲೆಯ ಮೇಲೆಲ್ಲ ಮೋಡ. ಮುಖ್ಯಸ್ಥರು ಅವಳನ್ನು ಕರೆದು, “ಶುಕ್ರವಾರ ಹೊರಗಿನೋರನ್ನ ಕರೆಸಿ ಇನ್ನೊಂದು ಸಲ ಆಡಿಸ್ತೀವಿ. ಆಗಲೂ ಯಾರೂ ಇಟ್ಕೊಳ್ಳಲಿಲ್ಲ ಅಂದ್ರೆ ತೆಗೆದುಬಿಡೋಣಮ್ಮ,” ಎಂದರು. ಅವರ ದನಿಯಲ್ಲಿ ಕೋಪವಿರಲಿಲ್ಲ. ಹಿಂದಿನ ಆಟದಲ್ಲಿ ಅವಳ ಮುಂಗುಸಿಯೂ ಇಷ್ಟೇ ಮೆತ್ತಗಿನ ಮಾತಿನಲ್ಲಿ ಹೊರಟುಹೋಗಿತ್ತು.

ಅಲ್ಲಿ ನಡಿಗೆ ಮಾಡುವವರು ಮೊದಲು ತಾವೇ ಪ್ರಾಣಿಯಾಗಬೇಕು. ಅದಕ್ಕೆಂದೇ ಮೇಜುಗಳ ನಡುವೆ ಒಂದು ಉದ್ದನೆಯ ಓಣಿ ಬಿಟ್ಟಿದ್ದರು. ಆನೆ ಮಾಡುವ ಹಿರಿಯರು ಅಲ್ಲಿ ತೋಳು ತೂಗುತ್ತಾ ಸಾಗುತ್ತಿದ್ದರು, ಇನ್ನೊಬ್ಬರು ಅದರ ವಿಡಿಯೊ ತೆಗೆಯುತ್ತಿದ್ದರು. ಅವಳೂ ಕೈ ಮಡಚಿ, ಕತ್ತು ಚಾಚಿ, ಹೆಜ್ಜೆ ಎತ್ತೆತ್ತಿ ಇಟ್ಟಳು.

“ನೀನು ನಡೆದ್ರೆ ಕೋಳೀನೂ ಅಲ್ಲ, ಡೈನೋಸಾರೂ ಅಲ್ಲ,” ಎಂದಳು ವಿಡಿಯೊ ತೆಗೆಯುತ್ತಿದ್ದ ಗೆಳತಿ. “ಚಪ್ಪಲಿ ಕಿತ್ತುಹೋದೋಳ ಹಾಗಿದೆ.”

ಮರುದಿನ ಬೆಳಿಗ್ಗೆ ಅವಳು ಮಾವನ ಜೊತೆ ತರಕಾರಿಗೆ ಹೋದಳು. ಮಾವ ಬಸ್ ಕಂಡಕ್ಟರಾಗಿದ್ದವರು. ತೆಳ್ಳನೆಯ ಆಳು, ಕೈ ಬೆನ್ನಿಗೆ ಕಟ್ಟಿ, ಕತ್ತು ಮುಂದೆ ಮಾಡಿ, ಹೊಂಡ ತಪ್ಪಿಸುವವರಂತೆ ಕಾಲೆತ್ತಿ ನಡೆಯುತ್ತಿದ್ದರು. ಎಳೆಬಿಸಿಲಿನಲ್ಲಿ ಅವರ ನೆರಳು ರಸ್ತೆಯ ಮೇಲೆ ಉದ್ದಕ್ಕೆ ಬಿದ್ದಿತ್ತು, ಬಾಲದ ಹಾಗೆ. ಅವಳಿಗೆ ಥಟ್ಟನೆ ತನ್ನ ಡೈನೋಸಾರ್ ಕಂಡಂತಾಯಿತು. ಚೀಲವನ್ನು ತೋಳಿಗೆ ಸಿಕ್ಕಿಸಿಕೊಂಡು, ಫೋನ್ ತೆಗೆದು, ಹಿಂದಿನಿಂದ ವಿಡಿಯೊ ಮಾಡಿಕೊಂಡಳು. ಮಾವನಿಗೆ ಹೇಳಲಿಲ್ಲ. ‘ನಿಮ್ಮನ್ನ ಕೋಳಿ ಮಾಡ್ತೀನಿ’ ಎಂದು ಯಾವ ಸೊಸೆ ತಾನೇ ಹೇಳಿಯಾಳು?

ಆ ನಡಿಗೆಯನ್ನು ಹೆಜ್ಜೆ ಹೆಜ್ಜೆಯಾಗಿ ಗರಿಯ ಮೈಗೆ ಇಳಿಸಿದಳು. ಅದಕ್ಕೆ ಜೀವ ಬಂದದ್ದು ಕಂಡು ಊಟವನ್ನೂ ಮರೆತಳು. ಶುಕ್ರವಾರ ಬೆಳಿಗ್ಗೆ ಆಟದಲ್ಲಿ ಸೇರಿಸಿ ಮುಖ್ಯಸ್ಥರಿಗೆ ತೋರಿಸಿದಳು. ಅದು ಚೆಂದವಾಗಿ ನಡೆಯಿತು. ನಡೆದು, ನಿಂತು, ಕತ್ತು ತಿರುಗಿಸಿ ಹಿಂದೆ ನೋಡಿತು. ಮತ್ತೆ ನಡೆಯಿತು. ಮತ್ತೆ ನಿಂತು ನೋಡಿತು.

“ಏನಮ್ಮಾ ಇದು? ಮನೆಗೆ ಬೀಗ ಹಾಕೋದು ಮರೆತು ಬಂದಿದ್ಯಾ?”

ಅವಳಿಗೆ ಆಗ ಹೊಳೆಯಿತು. ಮಾವನ ಅಭ್ಯಾಸವದು. ಜನ ಹತ್ತಿದರೋ ಇಲ್ಲವೋ ಎಂದು ಬಸ್ಸಿನ ಬಾಗಿಲಲ್ಲಿ ನಿಂತು ನೋಡಿ ನೋಡಿ, ಈಗಲೂ ಯಾರ ಜೊತೆ ಹೊರಟರೂ ನಡುವೆ ನಿಂತು ತಿರುಗುತ್ತಾರೆ. ಮನೆಯವರಿಗೆಲ್ಲ ಅದು ಎಷ್ಟು ರೂಢಿಯೆಂದರೆ, ವಿಡಿಯೊದಲ್ಲಿ ಇದ್ದದ್ದು ಅವಳ ಕಣ್ಣಿಗೆ ಬೇರೆಯಾಗಿ ಕಂಡೇ ಇರಲಿಲ್ಲ. ನಡಿಗೆಯೆಂದರೆ ಹಾಗೇ ಎಂದು ಅದನ್ನೂ ಸೇರಿಸಿಬಿಟ್ಟಿದ್ದಳು.

“ತೆಗೀತೀನಿ ಸರ್, ಸ್ವಲ್ಪ ಹೊತ್ತು ಕೊಡಿ.”

“ಇನ್ನೆಲ್ಲಿ ಹೊತ್ತು? ಬಂದುಬಿಟ್ಟಿದ್ದಾರೆ ನೋಡು.”

ಬಂದವರಲ್ಲಿ ಕೆಳಗಿನ ಅಂಗಡಿಯ ದರ್ಜಿಯಮ್ಮನೂ ಇದ್ದರು, ಕತ್ತಿನಲ್ಲಿ ಅಳತೆ ಟೇಪು ಹಾಗೇ ಇತ್ತು. ಅವಳು ಅವರ ಕುರ್ಚಿಯ ಹಿಂದೆ ನಿಂತಳು. ದರ್ಜಿಯಮ್ಮ ಎಲ್ಲರಂತೆಯೇ ದೊಡ್ಡ ಹಲ್ಲಿನದಕ್ಕೆ ಬಯಲು ಕೊಟ್ಟರು. ಚಿಕ್ಕದನ್ನು ಮೂಲೆಯಲ್ಲಿ ಬಿಟ್ಟರು. ಅದು ಜರೀಗಿಡಗಳತ್ತ ಹೆಜ್ಜೆಯಿಟ್ಟಿತು. ನಿಂತಿತು. ಬೇಲಿಯಾಚೆ ತಿರುಗಿ ನೋಡಿತು.

“ಯಾಕೋ ಮರಿ?” ಎಂದರು ದರ್ಜಿಯಮ್ಮ, ಪರದೆಗೇ.

ಅದು ನಾಲ್ಕು ಹೆಜ್ಜೆ ಹೋಗಿ ಮತ್ತೆ ತಿರುಗಿತು.

“ಅಯ್ಯೋ, ಬಾ ಅಂತಿದೆ ಕಣ್ರೀ ಇದು! ಇರೋ ಮಹರಾಯ, ಬಂದೆ.”

ಅವರು ಜನರ ದಾರಿಯನ್ನು ಎಳೆದು ಅದರ ಬೇಲಿಯ ಪಕ್ಕಕ್ಕೇ ತಂದರು. ಜರೀಗಿಡ ಕಿತ್ತರು. ಜಾಗ ಸಾಲದೆ, ದೊಡ್ಡ ಹಲ್ಲಿನದರ ಬಯಲಿಗೇ ಕತ್ತರಿ ಹಾಕಿದರು. “ನೀನು ಸ್ವಲ್ಪ ಸರ್ಕೋಪ್ಪ, ಬರೀ ಮಲಗೋದೇ ಆಯ್ತು ನಿಂದು.” ಚಿಕ್ಕದು ತಿರುಗಿ ನೋಡಿದಾಗಲೆಲ್ಲ ಪುಟಾಣಿ ಜನ ನಿಂತರು. ಒಬ್ಬನ ತಲೆಯ ಮೇಲೆ ಹೂ, ಆಮೇಲೆ ಸಾಲಿಗೆ ಸಾಲೇ ಹೂ. ಪಕ್ಕದ ಕಂಪ್ಯೂಟರುಗಳಲ್ಲಿ ಆಡುತ್ತಿದ್ದವರೂ ಎದ್ದು ಬಂದು ನೋಡಿ, ಹಿಂದಿರುಗಿ ತಮ್ಮ ತಮ್ಮ ಮೂಲೆಗಳಲ್ಲಿ ಅದನ್ನು ಹುಡುಕತೊಡಗಿದರು.

ಮುಖ್ಯಸ್ಥರು ಅವಳತ್ತ ತಿರುಗಿದರು. “ಅದನ್ನ ತೆಗೀಬೇಡಮ್ಮ,” ಎಂದರು. ಯಾವುದನ್ನು ಎಂದು ಕೇಳುವ ಧೈರ್ಯವಾಗದೆ ಅವಳು ಮುಖ ನೋಡಿದಳು. “ಎರಡೂ. ಕೋಳೀನೂ, ಕತ್ತು ತಿರುಗಿಸೋದೂ.”

ಗೆಳತಿ ಓಣಿಯ ತುಂಬ ರೆಕ್ಕೆ ಬಡಿಯುತ್ತಾ ಓಡಿದಳು.

ಸಂಜೆ ಅವಳು ಮಾವನ ಮುಂದೆ ಲ್ಯಾಪ್‌ಟಾಪ್ ತೆರೆದಿಟ್ಟಳು. ಮುಚ್ಚಿಡುವುದು ಇನ್ನು ಸಾಧ್ಯವಿರಲಿಲ್ಲ. ಗಂಡ ನೋಡಿದವನೇ, “ಇದು ಅಪ್ಪ!” ಎಂದು ಸೋಫಾದಿಂದ ಕೆಳಗೆ ಜಾರಿ ಹೊಟ್ಟೆ ಹಿಡಿದುಕೊಂಡ. ಮಾವ ನಗಲಿಲ್ಲ. ಕನ್ನಡಕ ಒರೆಸಿ ಹಾಕಿಕೊಂಡು, ಅದು ಎರಡು ಸಲ ತಿರುಗುವುದನ್ನು ನೋಡಿದರು.

“ಅಲ್ಲಮ್ಮಾ,” ಎಂದರು ಕೊನೆಗೆ, “ಪಾಪ, ಇದು ಯಾರಿಗೆ ಅಂತ ತಿರುಗಿ ನೋಡ್ತಿದೆ? ಹಿಂದೆ ಯಾರೂ ಇಲ್ವಲ್ಲ.”

ಸೋಮವಾರ ಅವಳು ಒಂದು ಮರಿ ಮಾಡಿದಳು. ಕಂಡಕಂಡ ಕಲ್ಲನ್ನೆಲ್ಲ ಮೂಸುತ್ತ ಹಿಂದುಳಿಯುವ ಮರಿ. ಮುಂದಿನದು ನಿಂತು ತಿರುಗಿದರೆ ಅದು ಎದ್ದೂ ಬಿದ್ದೂ ಓಡಿಬಂದು ಸೇರುತ್ತದೆ. ಮನೆಯಲ್ಲಿ ಅದನ್ನು ತೋರಿಸಿದಾಗ ಮಾವ ಮುಂದಕ್ಕೆ ಬಾಗಿ ಕಾದರು. ಮರಿ ಬಂದು ಮುಟ್ಟಿತು.

“ಹಾಂ, ಹತ್ತಿತು,” ಎಂದು ಮಾವ ಮೇಜಿನ ಮೇಲೆ ಬೆರಳಿನಿಂದ ಟಕಟಕ ಬಡಿದರು. “ರೈಟ್, ರೈಟ್!”

ಪರದೆಯ ಮೇಲೆ ಎರಡೂ ಹೊರಟವು.