ಓನ್ನಿ ಮಾವ ಆರಿಸಿಕೊಟ್ಟ ರೈಫಲ್

ನಮ್ಮ ಉತ್ತರ ಮಿಷಿಗನ್ನಿನಲ್ಲಿ ನವೆಂಬರ್ ಹದಿನೈದಕ್ಕೆ ಜಿಂಕೆ ಬೇಟೆ ಶುರು. ಅದಕ್ಕೆ ತಿಂಗಳ ಮುಂಚಿನಿಂದಲೇ ಓನ್ನಿ ಲಾಕ್ಸೊ ಅವರ ಹಾರ್ಡ್‌ವೇರ್ ಅಂಗಡಿಯಲ್ಲಿ ಕಾಲಿಡಲು ಜಾಗವಿರುತ್ತಿರಲಿಲ್ಲ. ಊರಿಗೆಲ್ಲ ಅವರು ಮಾವ. ಯಾರೇ ರೈಫಲ್ ಕೇಳಲಿ, ಮೂರು ಪ್ರಶ್ನೆ ಮುಗಿಯದೆ ಗೋಡೆಯಿಂದ ಒಂದನ್ನೂ ಇಳಿಸುತ್ತಿರಲಿಲ್ಲ. ಬೇಟೆಗೆ ಎಲ್ಲಿ ಕೂರ್ತೀಯ? ಅಲ್ಲಿಂದ ಎಷ್ಟು ದೂರ ಕಾಣುತ್ತೆ? ಈ ವರ್ಷ ಎಷ್ಟು ಗುಂಡು ಹಾರಿಸಿ ಅಭ್ಯಾಸ ಮಾಡಿದೆ? ಮೂರನೆಯದಕ್ಕೆ ಗಂಡಸರು ತಮ್ಮ ಬೂಟು ನೋಡಿಕೊಳ್ಳುತ್ತಿದ್ದರು.

ನನ್ನ ಗಂಡ ಅರ್ವೊ ತೀರಿಕೊಂಡ ವರ್ಷ ಮೂರು ಮಕ್ಕಳಿಗೆ ಚಳಿಗಾಲದ ಮಾಂಸ ಹೊಂದಿಸುವ ಭಾರ ನನ್ನ ಮೇಲೆ ಬಿತ್ತು. ಅವನ ‘ಮೂವತ್ತು-ಆರು’ ಎಂಬ ದೊಡ್ಡ ಗುಂಡಿನ ರೈಫಲಿಗೆ ತೋಟಾ ಕೊಡಿ ಎಂದು ಹೋದೆ. ಮಾವ ಕೊಡಲಿಲ್ಲ. ಊರಾಚೆಯ ಜಲ್ಲಿಗುಂಡಿಗೆ ಕರೆದೊಯ್ದು, ಪ್ರತಿ ಸಲವೂ ನನಗೆ ಬೆನ್ನು ಮಾಡಿ ತಾವೇ ತೋಟಾ ತುಂಬಿ ಕೊಟ್ಟರು. ಎರಡು ಗುಂಡು ಗುರಿಯ ಹಲಗೆಗೆ ತಾಗಲೇ ಇಲ್ಲ. ಮೂರನೆಯ ಸಲ ರೈಫಲಿನ ಕುದುರೆ ಎಳೆದಾಗ ಬರೀ ಟಿಕ್ ಎಂದಿತು. ಆದರೂ ನಳಿಗೆ ಕೆಳಗೆ ಬಾಗಿತ್ತು.

"ನೋಡಿದ್ಯಾ ಸಾಯ್ಮಿ? ಖಾಲಿ ತೋಟಾ ಹಾಕಿದ್ದೆ. ಒದೆಯುತ್ತೆ ಅಂತ ನೀನು ಮೊದ್ಲೇ ಹೆದರ್ಕೊಂಡೆ."

"ಅರ್ವೊ ಇದ್ರಲ್ಲೇ ಹೊಡೀತಿದ್ದ ಮಾವ."

"ಅವನ ಬೆನ್ನು ನಮ್ಮಂಗಡಿ ಬಾಗಿಲಷ್ಟು ಅಗಲ ಇತ್ತು. ಅವನ ಅಂಗೀನೂ ನೀನೇ ಹಾಕ್ಕೊಂಡು ತಿರುಗ್ತೀಯಾ?"

ನಾನು ಹಾಕಿಕೊಂಡಿದ್ದದ್ದು ಅರ್ವೊನ ಕೆಂಪು ಕೋಟೇ. ತೋಳು ಎರಡು ಸುತ್ತು ಮಡಚಿದ್ದೆ. ಮಾವ ಅದನ್ನು ನೋಡಿ, ಕೆಮ್ಮಿ, ನನ್ನ ಕೈಯಿಂದ ರೈಫಲ್ ತೆಗೆದುಕೊಂಡರು.

ಅಂಗಡಿಗೆ ಹಿಂದಿರುಗಿದ ಮೇಲೆ ತಮ್ಮದೇ ‘ಇನ್ನೂರ ನಲವತ್ತಮೂರು’ ಎಂಬ, ಸಣ್ಣ ಗುಂಡಿನ, ಅಷ್ಟಾಗಿ ಒದೆಯದ ರೈಫಲೊಂದನ್ನು ಬೇಟೆ ಮುಗಿಯುವವರೆಗೆ ಇಟ್ಟುಕೋ ಎಂದು ಕೊಟ್ಟರು. "ನರಿ ಹೊಡೆಯೋ ಹಗುರ ಗುಂಡು ಬೇಡ. ನೂರು ಗ್ರೇನ್ ತೂಕದ್ದೇ ಹಾಕು. ದಿನಕ್ಕೆ ಐದೇ ಗುಂಡು ಹೊಡಿ, ಭುಜ ನೋಯೋ ಮುಂಚೆ ನಿಲ್ಸು."

ಒಲೆಯ ಹತ್ತಿರ ಕಾಫಿ ಕುಡಿಯುತ್ತಿದ್ದ ಮೈದುನ ರೇನೊ ನಕ್ಕ. "ಅತ್ತಿಗೆ, ಆ ಸೊಳ್ಳೆ ಕಚ್ಚಿದ್ರೆ ಜಿಂಕೆ ಕೆರ್ಕೊಂಡು ಹೋಗುತ್ತೆ ಅಷ್ಟೆ."

ಮಾವ ತಲೆ ಎತ್ತದೆ ಕೇಳಿದರು: "ರೇನೊ, ಹೋದ ವರ್ಷ ನೀನು ಹೊಡೆದ ಜಿಂಕೇನ ಮೂರು ದಿನ ಆದ್ಮೇಲೆ ಕಾಗೆಗಳು ತೋರ್ಸಿದ್ವಲ್ಲ, ಅದು ಎಷ್ಟು ದೊಡ್ಡ ಗುಂಡಪ್ಪ?"

ರೇನೊ ಲೋಟದೊಳಗೆ ಮುಖ ಇಟ್ಟ.

ಮೂರು ವಾರ ಅಭ್ಯಾಸ ಮಾಡಿದೆ. ಬೇಟೆಯ ಎರಡನೆಯ ಬೆಳಿಗ್ಗೆ ದೇವದಾರು ಮರಗಳ ಸಂದಿನಿಂದ ಗಂಡು ಜಿಂಕೆಯೊಂದು ಬಂತು. ಎಂಬತ್ತು ಗಜ ದೂರ. ಮುಂಗಾಲಿನ ಹಿಂದೆ ಗುರಿಯಿಟ್ಟು ಒಂದೇ ಗುಂಡು ಹೊಡೆದೆ.

ಬೇಟೆಯಾದ ಜಿಂಕೆಗಳನ್ನೆಲ್ಲ ಊರಿಗೆ ತೋರಿಸಲು ಕಟ್ಟುವ ಊರ ನಡುವಿನ ಕಂಬಕ್ಕೆ ಅದನ್ನು ತೂಗುಹಾಕಿದಾಗ ಎಲ್ಲರೂ ಕೊಂಬಿನ ಕವಲು ಎಣಿಸಿದರು. ಮಾವ ಅಂಗಡಿಯ ಏಪ್ರನ್ನಿನಲ್ಲೇ ರಸ್ತೆ ದಾಟಿ ಬಂದು ಗುಂಡು ಹೊಕ್ಕ ಜಾಗ ಮುಟ್ಟಿ ನೋಡಿದರು.

"ಎಷ್ಟು ದೂರ ಓಡ್ತು?"

"ಹತ್ತು ಹೆಜ್ಜೆ ಮಾವ."

ಅವರು ಟೋಪಿ ತೆಗೆದರು. ಆ ಗೌರವ ಜಿಂಕೆಗೋ ನನಗೋ, ಇಂದಿಗೂ ಗೊತ್ತಿಲ್ಲ. "ಪಾಪ, ಹೆಚ್ಚು ಹೊತ್ತು ನರಳಿಲ್ಲ," ಎಂದು ಹೇಳಿ, ಕಾಯುತ್ತಿದ್ದ ಗಿರಾಕಿಯ ಕಡೆಗೆ ಹೋದರು.

ಮಾರ್ಚ್‌ನಲ್ಲಿ ಹಿಮ ಕರಗುವವರೆಗೆ ಮಕ್ಕಳು ಆ ಮಾಂಸ ತಿಂದರು.